ಎದೆಯ ಬಾಗಿಲು ರಿಪೇರಿಯಾದ ಮೇಲೆ ಮತ್ತೆ ಕಡಲಿಗೆ

ಹೃದಯದ ಆಪರೇಷನ್ ಮಾಡಿಸಿಕೊಂಡು ಮನೆಗೆ ಬಂದ ಹೆಂಗಸಿಗೆ ಮೊದಲ ತಿಂಗಳೆಲ್ಲ ಸಿಗುವುದು ಬರೀ 'ಬೇಡ'ಗಳೇ. ಮೆಟ್ಟಿಲು ಹತ್ತಬೇಡ, ಕೊಡ ಎತ್ತಬೇಡ, ಚಪಾತಿ ಹಿಟ್ಟು ನಾದಬೇಡ, ಮಗುವನ್ನು ಸೊಂಟದ ಮೇಲೆ ಕೂರಿಸಿಕೊಳ್ಳಬೇಡ, ಜೋರಾಗಿ ನಗಬೇಡ. ನೋಡಲು ಬಂದವರು ಒಂದು ಕೈಯಲ್ಲಿ ಮೂಸಂಬಿ ಚೀಲ, ಇನ್ನೊಂದು ಕೈಯಲ್ಲಿ ಹೊಸದೊಂದು 'ಬೇಡ' ಹಿಡಿದೇ ಬರುತ್ತಾರೆ. ಅಂಥ ಹೊತ್ತಿನಲ್ಲಿ ಪಕ್ಕದ ಮಂಚದ ರೋಗಿ ಡಾಕ್ಟರನ್ನು, "ಸಾರ್, ನಾನು ಮತ್ತೆ ಸಮುದ್ರದ ತಳಕ್ಕೆ ಇಳೀಬಹುದಾ?" ಎಂದು ಕೇಳಿದರೆ ನಿಮಗೆ ಹೇಗನ್ನಿಸೀತು?

ನನಗಂತೂ, ಪಾಪ, ಈಕೆಗೆ ಅರಿವಳಿಕೆಯ ಮಂಪರು ಇನ್ನೂ ಇಳಿದಿಲ್ಲ ಅನ್ನಿಸಿತು.

ಇದು 2022ರ ಆಗಸ್ಟ್ ತಿಂಗಳ ಮಾತು. ಬೆಂಗಳೂರಿನ ಆಸ್ಪತ್ರೆಯೊಂದರ ವಾರ್ಡಿನಲ್ಲಿ ನಾವಿಬ್ಬರೂ ಅಕ್ಕಪಕ್ಕದ ಮಂಚಗಳಲ್ಲಿ, ಎದೆಗೆ ದಿಂಬು ಅವುಚಿಕೊಂಡು ಕೂತಿದ್ದೆವು. ಎದೆಯ ಮೂಳೆ ಸೀಳಿ ತಂತಿಯಿಂದ ಕಟ್ಟಿರುತ್ತಾರಲ್ಲ, ಕೆಮ್ಮುವಾಗ ದಿಂಬನ್ನು ಒತ್ತಿ ಹಿಡಿದರೆ ನೋವು ಕಡಿಮೆ. ನಾನು ಸಾಗರದ ಕಡೆಯವಳು, ಆಗ ನನಗೆ ಐವತ್ತು. ಆಕೆ ಕುಮಟಾದವಳು, ಬ್ಯಾಂಕಿನಲ್ಲಿ ಕೆಲಸ, ನನಗಿಂತ ಆರು ವರ್ಷ ಚಿಕ್ಕವಳು. ಹೆಸರು ಹಾಕಬೇಡ ಎಂದಿದ್ದಾಳೆ. "ನಮ್ಮ ಅತ್ತೆ ಈ ಪತ್ರಿಕೆ ತಪ್ಪದೆ ಓದ್ತಾರೆ ಅಕ್ಕಾ" ಎನ್ನುವುದು ಅವಳ ಕಾರಣ. ಹಾಗಾಗಿ ಗೆಳತಿ ಎಂದೇ ಕರೆಯುತ್ತೇನೆ.

ಅವಳು ನೆಲದ ಮೇಲಿನ ಹುಚ್ಚಿನವಳಲ್ಲ, ನೀರಿನ ಹುಚ್ಚಿನವಳು. 2016ರಲ್ಲಿ ಮುರ್ಡೇಶ್ವರಕ್ಕೆ ಮಗನನ್ನು ಕರೆದುಕೊಂಡು ಹೋದವಳು, ಅವನ ಜೊತೆಗೆ ತಾನೂ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ನೇತ್ರಾಣಿ ದ್ವೀಪದ ಹತ್ತಿರ ನೀರಿಗೆ ಇಳಿದಳು. ಸ್ಕೂಬಾ ಡೈವಿಂಗ್ ಎನ್ನುತ್ತಾರಲ್ಲ, ಅದು. ಮಗ ಒಂದು ಸಲಕ್ಕೇ ಸಾಕು ಅಂದ. ತಾಯಿ ಕೋರ್ಸು ಮುಗಿಸಿ, 18 ಮೀಟರ್ ಆಳದವರೆಗೆ ಇಳಿಯಲು ಅರ್ಹತೆಯ ಕಾರ್ಡು ಪಡೆದು, ಪ್ರತಿ ವರ್ಷ ಮಳೆಗಾಲ ಮುಗಿಯುವುದನ್ನೇ ಕಾಯುತ್ತಿದ್ದಳು. 2022ರ ಬೇಸಿಗೆಯಲ್ಲಿ ಒಂದು ದಿನ ಬ್ಯಾಂಕಿನ ಮೆಟ್ಟಿಲು ಹತ್ತುವಾಗ ಏಕಾಏಕಿ ಉಸಿರು ಕಟ್ಟಿತು. ರಾತ್ರಿ ಮಲಗಿದರೆ ಉಸಿರಾಡಲಾಗದು, ಎದ್ದು ಕೂರಬೇಕು. ಎಖೋ ಮಾಡಿಸಿದಾಗ ಗೊತ್ತಾಯಿತು, ಹೃದಯದ ಒಂದು ಕವಾಟ ಸೋರುತ್ತಿತ್ತು.

ಎರಡು ಎದೆ, ಎರಡು ಬಾಗಿಲು

ಹೃದಯಕ್ಕೆ ನಾಲ್ಕು ಕವಾಟ. ಬಾಗಿಲೆಂದೇ ತಿಳಿಯಿರಿ. ಒಂದೇ ಕಡೆಗೆ ತೆರೆಯುವ ಬಾಗಿಲು, ರಕ್ತ ಹಿಂದಕ್ಕೆ ಬಾರದಂತೆ ತಡೆಯುವುದು ಅದರ ಕೆಲಸ. ಎಡಗಡೆಯ ಮೇಲಿನ ಕೋಣೆಗೂ ಕೆಳಗಿನ ಕೋಣೆಗೂ ನಡುವಿನ ಬಾಗಿಲಿಗೆ ಮೈಟ್ರಲ್ ಕವಾಟ ಎಂದು ಹೆಸರು. ನಮ್ಮಿಬ್ಬರದೂ ಕೆಟ್ಟಿದ್ದು ಅದೇ, ಆದರೆ ಕೆಟ್ಟ ರೀತಿ ಬೇರೆ.

ಅವಳದು ಹುಟ್ಟಿನಿಂದಲೂ ಸ್ವಲ್ಪ ಜೋಲು ಬಾಗಿಲು. ಅದನ್ನು ಹಿಡಿದಿಡುವ ಸಣ್ಣ ಸಣ್ಣ ಎಳೆಗಳಿರುತ್ತವೆ, ದೋಣಿಯ ಹಾಯಿಗೆ ಹಗ್ಗ ಕಟ್ಟಿದಂತೆ. ಅವುಗಳಲ್ಲಿ ಒಂದು ಕಡಿದುಹೋಗಿತ್ತು. ಹಗ್ಗ ಕಡಿದ ಹಾಯಿ ಪಟಪಟ ಬಡಿದುಕೊಳ್ಳುತ್ತದಲ್ಲ, ಹಾಗೆ.

ನನ್ನದು ಹಳೆಯ ಕಥೆ. ಒಂಬತ್ತನೆಯ ವಯಸ್ಸಿನಲ್ಲಿ ಗಂಟಲು ನೋವು, ಜ್ವರ. ಹದಿನೈದು ದಿನ ಕಳೆದ ಮೇಲೆ ಮಂಡಿ ಊದಿತು, ಅದು ಇಳಿಯುವಷ್ಟರಲ್ಲಿ ಮಣಿಕಟ್ಟು ಊದಿತು. ಅಜ್ಜಿ ವಾಯು ಎಂದು ಎಣ್ಣೆ ಹಚ್ಚಿದರು. ಅದು ರುಮ್ಯಾಟಿಕ್ ಜ್ವರ. ಕೀಲುಗಳನ್ನು ಬಿಟ್ಟುಹೋಗುತ್ತದೆ, ಹೃದಯದ ಕವಾಟವನ್ನು ಹಿಡಿದುಕೊಳ್ಳುತ್ತದೆ. ಇಪ್ಪತ್ತು ಮೂವತ್ತು ವರ್ಷ ಒಳಗೊಳಗೇ ಬಾಗಿಲು ದಪ್ಪವಾಗಿ, ಗಡುಸಾಗಿ, ಕೊನೆಗೆ ಕಿಂಡಿಯಷ್ಟೇ ಉಳಿಯುತ್ತದೆ. (ತಾಯಂದಿರಿಗೆ ಇಲ್ಲೇ ಒಂದು ಮಾತು. ಮಗುವಿಗೆ ಗಂಟಲು ನೋವಿನ ಹಿಂದೆಯೇ ಕೀಲು ಊತ ಬಂದರೆ ಎಣ್ಣೆ ಹಚ್ಚಿ ಸುಮ್ಮನಿರಬೇಡಿ, ಡಾಕ್ಟರಿಗೆ ತೋರಿಸಿ. ಮೂರು ವಾರಕ್ಕೊಮ್ಮೆ ಕೊಡುವ ಪೆನಿಸಿಲಿನ್ ಇಂಜೆಕ್ಷನ್ ನನ್ನ ಕವಾಟವನ್ನು ಬಹುಶಃ ಉಳಿಸುತ್ತಿತ್ತು.)

ಅವಳ ಬಾಗಿಲನ್ನು ರಿಪೇರಿ ಮಾಡಲು ಬಂತು. ಹೆಚ್ಚಾದ ಭಾಗ ಕತ್ತರಿಸಿ, ಹೊಲಿದು, ಚೌಕಟ್ಟು ಸಡಿಲವಾಗದಂತೆ ಸುತ್ತ ಒಂದು ಬಳೆ ಕೂರಿಸಿದರು. ಈ ಬಳೆಯ ಉಪಾಯವನ್ನು 1960ರ ದಶಕದ ಕೊನೆಯಲ್ಲಿ ಬಳಕೆಗೆ ತಂದವರು ಪ್ಯಾರಿಸಿನ ಸರ್ಜನ್ ಅಲೈನ್ ಕಾರ್ಪೆಂಟಿಯರ್. ನನ್ನ ಬಾಗಿಲು ರಿಪೇರಿಗೆ ಮೀರಿತ್ತು. ಕಿತ್ತು ಹೊಸದು ಹಾಕಬೇಕಿತ್ತು.

ಹೊಸದು ಎಂದರೆ ಎರಡು ಬಗೆ. ಪ್ರಾಣಿಯ ಅಂಗಾಂಶದಿಂದ ಮಾಡಿದ್ದು ಒಂದು. ಅದಕ್ಕೆ ಜೀವನಪೂರ್ತಿ ರಕ್ತ ತೆಳು ಮಾಡುವ ಮಾತ್ರೆ ಸಾಮಾನ್ಯವಾಗಿ ಬೇಕಾಗುವುದಿಲ್ಲ, ಆದರೆ ಹತ್ತು ಹದಿನೈದು ವರ್ಷಕ್ಕೆ ಸವೆಯುತ್ತದೆ, ಚಿಕ್ಕ ವಯಸ್ಸಿನವರಲ್ಲಿ ಇನ್ನೂ ಬೇಗ. ಇನ್ನೊಂದು ಲೋಹ, ಇಂಗಾಲ, ಪ್ಲಾಸ್ಟಿಕ್ಕಿನಂಥವುಗಳಿಂದ ಮಾಡಿದ ಯಾಂತ್ರಿಕ ಕವಾಟ. ಬಾಳಿಕೆ ಬಹಳ, ಆದರೆ ಅದರ ಮೇಲೆ ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಥರದ ಮಾತ್ರೆ ಬದುಕಿರುವಷ್ಟು ದಿನವೂ ನುಂಗಬೇಕು. ನಮ್ಮ ದೇಶದಲ್ಲೇ ತಯಾರಾದ ಯಾಂತ್ರಿಕ ಕವಾಟ ಇದೆ, ಗೊತ್ತೆ? ತಿರುವನಂತಪುರದ ಶ್ರೀಚಿತ್ರಾ ಸಂಸ್ಥೆಯಲ್ಲಿ ಡಾ. ಎಂ. ಎಸ್. ವಲಿಯತ್ತಾನ್ ಮತ್ತು ಸಂಗಡಿಗರು ವರ್ಷಗಟ್ಟಲೆ ಕೂತು ರೂಪಿಸಿದ್ದು. ಮೊದಲ ಬಾರಿಗೆ ರೋಗಿಯೊಬ್ಬರಿಗೆ ಅದನ್ನು ಜೋಡಿಸಿದ್ದು 1990ರ ಡಿಸೆಂಬರಿನಲ್ಲಿ. ಹೊರದೇಶದ ಕವಾಟಕ್ಕೆ ಹಣ ಹೊಂದಿಸಲಾರದ ಎಷ್ಟೋ ಮನೆಗಳಿಗೆ ಅದು ಆಸರೆಯಾಯಿತು. ನನ್ನ ಎದೆಯಲ್ಲಿ ಟಿಕ್ ಟಿಕ್ ಅನ್ನುವುದೂ ಯಾಂತ್ರಿಕ ಕವಾಟವೇ. ರಾತ್ರಿ ಮನೆ ನಿಶ್ಶಬ್ದವಾದಾಗ ಇವರು, "ನಿನ್ನ ಗಡಿಯಾರ ಸರಿಯಾಗಿ ನಡೀತಿದೆ" ಅನ್ನುತ್ತಾರೆ.

ನೀರು ಎದೆಗೆ ಏನು ಮಾಡುತ್ತದೆ?

ಡಾಕ್ಟರು ಗೆಳತಿಯ ಪ್ರಶ್ನೆಗೆ ನಗಲಿಲ್ಲ, ಗದರಲೂ ಇಲ್ಲ. "ಒಂದು ವರ್ಷ ಆಗಲಿ, ಆಮೇಲೆ ಕೇಳಿ" ಎಂದರು. ಅವಳು ಅದನ್ನು ಒಪ್ಪಿಗೆ ಎಂದೇ ತಿಳಿದಳು ಬಿಡಿ. ಆ ಒಂದು ವರ್ಷದಲ್ಲಿ ಫೋನಿನಲ್ಲಿ ಅವಳು ನನಗೆ ಸಮುದ್ರದ ಪಾಠ ಮಾಡಿದಳು, ನಾನು ಅವಳಿಗೆ ಉಪ್ಪು ಕಡಿಮೆಯ ಅಡುಗೆಯ ಪಾಠ ಮಾಡಿದೆ.

ನಾವು ಕುತ್ತಿಗೆಮಟ್ಟ ನೀರಿನಲ್ಲಿ ನಿಂತರೆ ಸಾಕು, ನೀರಿನ ಒತ್ತಡಕ್ಕೆ ಕಾಲಿನಲ್ಲಿದ್ದ ರಕ್ತ ಮೇಲಕ್ಕೆ ಸರಿಯುತ್ತದೆ. ಅರ್ಧ ಲೀಟರಿಗೂ ಹೆಚ್ಚು ರಕ್ತ ಎದೆಯ ಗೂಡಿಗೆ ಬಂದು ಸೇರುತ್ತದೆ. ಹೊಳೆಯಲ್ಲಿ ಸ್ವಲ್ಪ ಹೊತ್ತು ನಿಂತರೆ ಮೂತ್ರಕ್ಕೆ ಅವಸರವಾಗುವುದು ಬರೀ ಚಳಿಗಲ್ಲ. ಎದೆಯಲ್ಲಿ ರಕ್ತ ಜಾಸ್ತಿಯಾಯಿತು, ಹೊರಗೆ ಹಾಕು ಎಂದು ಶರೀರ ಕೊಡುವ ಅಪ್ಪಣೆ ಅದು. ಗಟ್ಟಿ ಹೃದಯಕ್ಕೆ ಇದು ಗಮನಕ್ಕೂ ಬರುವುದಿಲ್ಲ. ಕವಾಟ ಸೋರುತ್ತಿದ್ದರೆ, ಕಿರಿದಾಗಿದ್ದರೆ, ರಕ್ತದೊತ್ತಡ ಹತೋಟಿಯಲ್ಲಿ ಇಲ್ಲದಿದ್ದರೆ, ಆ ಹೆಚ್ಚುವರಿ ರಕ್ತ ಹಿಂದಕ್ಕೆ ಒತ್ತಿ ಶ್ವಾಸಕೋಶದಲ್ಲಿ ನೀರು ತುಂಬಬಹುದು. ಹೊರಗಿನ ನೀರು ಬಾಯಿಗೆ ಹೋಗದೆಯೇ ಮನುಷ್ಯ ಒಳಗಿನ ನೀರಿನಲ್ಲಿ ಮುಳುಗಿದ ಹಾಗೆ! ನೀರಿನಲ್ಲಿ ಇದ್ದಾಗ ಶ್ರಮಕ್ಕೆ ಮೀರಿದ ಏದುಸಿರು, ಕೆಮ್ಮು, ರಕ್ತದ ಎಳೆಯ ನೊರೆ ಕಂಡರೆ ತಕ್ಷಣ ಮೇಲೆ ಬರಬೇಕು. ಈಜುವವರಿಗೂ ಈ ಮಾತು ಸಲ್ಲುತ್ತದೆ.

ಆಳಕ್ಕೆ ಹೋದಂತೆ ಒತ್ತಡ ಹೆಚ್ಚು. ಪ್ರತಿ 10 ಮೀಟರಿಗೆ ನಮ್ಮ ತಲೆಯ ಮೇಲಿರುವ ವಾತಾವರಣದಷ್ಟೇ ಇನ್ನೊಂದು ಭಾರ. ಹಾಗಾದರೆ ಹೊಸ ಕವಾಟ ಒಡೆದುಹೋಗುವುದಿಲ್ಲವೆ ಎಂದು ನಾನು ಕೇಳಿದ್ದೆ. ಇಲ್ಲ. ಕವಾಟದ ಎರಡು ಕಡೆಯೂ ರಕ್ತವೇ, ಒತ್ತಡ ಎಲ್ಲ ಕಡೆಯಿಂದ ಒಂದೇ ಸಮ. ಪೆಟ್ಟು ತಿನ್ನುವುದು ಗಾಳಿ ತುಂಬಿದ ಜಾಗಗಳು, ಅಂದರೆ ಕಿವಿ, ಮೂಗಿನ ಪಕ್ಕದ ಪೊಳ್ಳು, ಶ್ವಾಸಕೋಶ. ಕೆಳಗೆ ಇಳಿಯುವಾಗ ಎರಡು ಮೂರು ಅಡಿಗೊಮ್ಮೆ ಮೂಗು ಹಿಡಿದು ಮೆಲ್ಲಗೆ ಊದಿ ಕಿವಿಯ ಒತ್ತಡ ಸರಿಮಾಡಿಕೊಳ್ಳಬೇಕು. ಮೇಲೆ ಬರುವಾಗ ಎಂದೂ ಉಸಿರು ಬಿಗಿಹಿಡಿಯಬಾರದು.

ಇನ್ನೊಂದು ಸಂಗತಿ ಸಾರಜನಕದ್ದು. ಒತ್ತಡದಲ್ಲಿ ಅದು ರಕ್ತದಲ್ಲಿ ಕರಗುತ್ತದೆ, ಅವಸರದಿಂದ ಮೇಲೆ ಬಂದರೆ ಸೋಡಾ ಬಾಟಲಿ ಬಿಚ್ಚಿದಂತೆ ಗುಳ್ಳೆ ಏಳುತ್ತದೆ. ಅಪಧಮನಿಗೆ ಹೋಗದಂತೆ ಆ ಗುಳ್ಳೆಗಳನ್ನು ಶ್ವಾಸಕೋಶ ಸೋಸಿಬಿಡುತ್ತದೆ. ಆದರೆ ಹೃದಯದ ಮೇಲಿನ ಎರಡು ಕೋಣೆಗಳ ನಡುವೆ ಕಿಂಡಿ ಇದ್ದರೆ ಸೋಸುವ ಮೊದಲೇ ಆ ಕಡೆಗೆ ನುಗ್ಗಿಬಿಡಬಹುದು. ನಾಲ್ವರಲ್ಲಿ ಒಬ್ಬರಿಗೆ ಇಂಥ ಸಣ್ಣ ಕಿಂಡಿ ಹುಟ್ಟಿನಿಂದಲೇ ಇರುತ್ತದೆ, ಅವರಿಗೆ ಗೊತ್ತೂ ಇರುವುದಿಲ್ಲ. ಗೆಳತಿಯ ವಿಷಯದಲ್ಲಿ ಸರ್ಜನ್ ಆ ಗೋಡೆಯನ್ನು ತೆರೆದೇ ಮೈಟ್ರಲ್ ಕವಾಟ ತಲುಪಿದ್ದರು. ಆ ಹೊಲಿಗೆ ಪೂರ್ತಿ ಕೂಡಿದೆಯೇ? ಅದು ಗೊತ್ತಾಗದೆ ಅವಳನ್ನು ನೀರಿಗೆ ಬಿಡುವ ಹಾಗಿರಲಿಲ್ಲ.

ಹದಿನೇಳು ತಿಂಗಳು

ಮೊದಲ ಮೂರು ತಿಂಗಳು ಎದೆಮೂಳೆ ಕೂಡುವ ಕಾಲ. ಗೆಳತಿಗೆ ಐದು ಕಿಲೋ ಅಕ್ಕಿ ಚೀಲವೂ ಭಾರ. ಡೈವಿಂಗ್ ಸಿಲಿಂಡರೊಂದೇ 14-15 ಕಿಲೋ ತೂಗುತ್ತದೆ ಎಂದರೆ ಲೆಕ್ಕ ಹಾಕಿ. ಅವಳಿಗೆ ರಕ್ತ ತೆಳು ಮಾಡುವ ಮಾತ್ರೆ ಕೊಟ್ಟಿದ್ದೂ ಅಷ್ಟೇ ಅವಧಿಗೆ, ಆಮೇಲೆ ನಿಲ್ಲಿಸಿದರು. ನಡಿಗೆ ಅಂಗಳದಿಂದ ಶುರುವಾಗಿ, ಓಣಿಯ ಕೊನೆ, ಆಮೇಲೆ ಸಮುದ್ರ ದಂಡೆ. ಆರು ತಿಂಗಳಿಗೆ ಈಜುಕೊಳ.

ಮನೆಯಲ್ಲಿ ಮಾತ್ರ ಯುದ್ಧ. ಅವಳ ಗಂಡ ಕೆಟ್ಟವರಲ್ಲ, ಆಸ್ಪತ್ರೆಯ ಐಸಿಯು ಹೊರಗೆ ಎರಡು ರಾತ್ರಿ ನಿಂತೇ ಕಳೆದವರು. ಅದೇ ಕಾರಣಕ್ಕೆ ಬೇಡ ಎಂದರು. "ಸತ್ತು ಬದುಕಿ ಬಂದವಳಿಗೆ ಮೀನು ನೋಡುವ ಶೋಕಿ ಯಾಕೆ?" ಎಂದರು ಅತ್ತೆ. ಅವಳು ನನಗೆ ಫೋನ್ ಮಾಡಿ ಅತ್ತಳು. "ಅಕ್ಕಾ, ಎಲ್ಲರೂ ನನ್ನನ್ನು ಗಾಜಿನ ಲೋಟದ ಹಾಗೆ ನೋಡ್ತಾರೆ. ಕೆಳಗೆ ಇಳಿದಾಗ ನನ್ನ ಉಸಿರಿನ ಸದ್ದು ಬಿಟ್ಟು ಬೇರೇನೂ ಕೇಳೋದಿಲ್ಲ. ಅಲ್ಲಿ ನಾನು ಯಾರ ಸೊಸೇನೂ ಅಲ್ಲ, ರೋಗೀನೂ ಅಲ್ಲ." ನಾನು, "ಮಾರಾಯ್ತಿ, ಮೊದಲು ಪರೀಕ್ಷೆ ಮಾಡಿಸು. ಡಾಕ್ಟರು ಬೇಡ ಅಂದರೆ ಮನೆಯವರ ಹತ್ತಿರ ಜಗಳವೇ ಬೇಕಿಲ್ಲವಲ್ಲ" ಎಂದೆ. ಅದು ಅವಳಿಗೆ ಸಿಟ್ಟು ತರಿಸಿತು, ಒಂದು ವಾರ ಫೋನ್ ಇಲ್ಲ.

ವರ್ಷ ತುಂಬಿದ ಮೇಲೆ ಪರೀಕ್ಷೆಗಳು ನಡೆದವು. ಎಖೋದಲ್ಲಿ ಸೋರಿಕೆ ಹೆಸರಿಗಷ್ಟೇ ಉಳಿದಿತ್ತು, ಹೃದಯದ ಪಂಪಿನ ಬಲ ಮಾಮೂಲಿಗೆ ಬಂದಿತ್ತು. ಬಡಿತದ ತಾಳ ತಪ್ಪುತ್ತಿದೆಯೇ ಎಂದು ಇಪ್ಪತ್ತನಾಲ್ಕು ಗಂಟೆ ಪಟ್ಟಿ ಕಟ್ಟಿ ನೋಡಿದರು. ಉಪ್ಪುನೀರಿನಲ್ಲಿ ಸಣ್ಣ ಗಾಳಿಗುಳ್ಳೆ ಕಲಕಿ ತೋಳಿನ ರಕ್ತನಾಳಕ್ಕೆ ಕೊಟ್ಟು, ಅವು ಎಡಗಡೆಗೆ ದಾಟುತ್ತವೆಯೇ ಎಂದು ಎಖೋದಲ್ಲಿ ಕಣ್ಣಿಟ್ಟರು. ಒಂದೂ ದಾಟಲಿಲ್ಲ. ಕೊನೆಗೆ ಟ್ರೆಡ್‌ಮಿಲ್. ಸುಮ್ಮನೆ ಕೂತಾಗ ಶರೀರ ಖರ್ಚು ಮಾಡುವ ಶಕ್ತಿಯನ್ನು ಒಂದು 'ಮೆಟ್' ಎನ್ನುತ್ತಾರೆ. ಶಾಂತ ನೀರಿನಲ್ಲಿ ಈಜಾಡಲು ಅಷ್ಟೇನೂ ಬೇಡ, ಆದರೆ ಸೆಳವು ಎದುರಾದರೆ, ಜೊತೆಗಾರರನ್ನು ಎಳೆದು ತರಬೇಕಾದರೆ ಬೇಕಾಗುತ್ತದೆ. ಅದಕ್ಕೆ ಡೈವಿಂಗ್ ಬಲ್ಲ ವೈದ್ಯರು ಸುಮಾರು 10 ಮೆಟ್ ತಾಕತ್ತು ಇರಲಿ ಎನ್ನುತ್ತಾರೆ. ರೂಢಿಯ ಬ್ರೂಸ್ ಪದ್ಧತಿಯಲ್ಲಿ ಅದು 9 ನಿಮಿಷದ ಓಟ, ಕೊನೆಯಲ್ಲಿ ಕಡಿದಾದ ಏರು. ಗೆಳತಿ ಹತ್ತು ನಿಮಿಷ ಮುಗಿಸಿ, "ಇನ್ನೂ ಒಂದು ನಿಮಿಷ ಇರಲಿ" ಎಂದಳಂತೆ!

ಡಾಕ್ಟರು ಬರೆದುಕೊಟ್ಟರು, ಷರತ್ತುಗಳ ಸಮೇತ. ಆಳ ಹೆಚ್ಚು ಬೇಡ, ಸೆಳವಿನ ದಿನ ಬೇಡ, ದಿನಕ್ಕೆ ಒಂದೇ ಸಲ, ಪ್ರತಿ ವರ್ಷ ಮರುಪರೀಕ್ಷೆ. ಹವಳದ ಮೇಲೆ ಕೈ ತರಚಿದರೆ ಚೆನ್ನಾಗಿ ತೊಳೆದು ಔಷಧಿ, ಆಮೇಲೆ ಜ್ವರ ಬಂದರೆ ಉದಾಸೀನ ಬೇಡ, ಏಕೆಂದರೆ ರಕ್ತಕ್ಕೆ ಸೇರಿದ ಕ್ರಿಮಿ ಕವಾಟದ ಬಳೆಯ ಮೇಲೆ ಮನೆ ಮಾಡಬಹುದು. (ಹಲ್ಲು ಕೀಳಿಸುವ ಮೊದಲು ಆಂಟಿಬಯಾಟಿಕ್ ತೆಗೆದುಕೊಳ್ಳಬೇಕಾದದ್ದೂ ಇದೇ ಕಾರಣಕ್ಕೆ. ಹಲ್ಲಿನ ಡಾಕ್ಟರಿಗೆ ಕವಾಟದ ವಿಷಯ ಮೊದಲೇ ಹೇಳಿ.)

ನನ್ನ ಫಾರಂ

ಇಲ್ಲಿ ನನ್ನ ಗುಟ್ಟೊಂದು ಹೇಳಬೇಕು. ಅವಳ ಕಥೆ ಕೇಳಿ ಕೇಳಿ ನನಗೂ ಆಸೆ ಹುಟ್ಟಿತ್ತು. ಮಲೆನಾಡಿನವಳು, ಹೊಳೆಯಲ್ಲಿ ಈಜು ಬರುತ್ತದೆ. ಒಂದೇ ಒಂದು ಸಲ ಇಳಿದು ನೋಡಿದರೇನು? ಡಾಕ್ಟರನ್ನು ಕೇಳಿದೆ. ಅವರು ತಲೆ ಅಲ್ಲಾಡಿಸಿದರು.

ಕಾರಣ ಕವಾಟವಲ್ಲ, ಮಾತ್ರೆ. ಕಿವಿಯ ಒತ್ತಡ ತಪ್ಪಿದರೆ ಬೇರೆಯವರಿಗೆ ಸಣ್ಣದೊಂದು ರಕ್ತದ ಚುಕ್ಕೆ ಆಗುವ ಜಾಗದಲ್ಲಿ ನನಗೆ ರಕ್ತ ನಿಲ್ಲದೇ ಹೋಗಬಹುದು. ದೋಣಿಯ ಏಣಿಗೆ ತಲೆ ತಗುಲಿದರೂ ಕಷ್ಟವೇ. ಬೆನ್ನುಹುರಿಗೋ ಒಳಕಿವಿಗೋ ಗುಳ್ಳೆಯ ಪೆಟ್ಟು ಬಿದ್ದರೆ ಅಲ್ಲಿ ರಕ್ತಸ್ರಾವವೂ ಸೇರಿಕೊಳ್ಳಬಹುದು. ಮಾತ್ರೆ ನಾಲ್ಕು ದಿನ ಬಿಟ್ಟು ಹೋದರೆ? ಆಗ ಕವಾಟದ ಮೇಲೆಯೇ ಹೆಪ್ಪುಗಟ್ಟಿ ಪಾರ್ಶ್ವವಾಯು ಹೊಡೆಯಬಹುದು. ಮೈಟ್ರಲ್ ಜಾಗದ ಯಾಂತ್ರಿಕ ಕವಾಟಕ್ಕೆ ಐ.ಎನ್.ಆರ್. ಎಂಬ ರಕ್ತಪರೀಕ್ಷೆಯ ಅಂಕ ಸಾಮಾನ್ಯವಾಗಿ 2.5ರಿಂದ 3.5ರ ಒಳಗೆ ಇರಬೇಕು. ಕೆಳಗಿಳಿದರೆ ಹೆಪ್ಪು, ಮೇಲೇರಿದರೆ ರಕ್ತಸ್ರಾವ. ಹಗ್ಗದ ಮೇಲಿನ ನಡಿಗೆ. ಯಾಂತ್ರಿಕ ಕವಾಟ ಇದ್ದೂ ಡೈವ್ ಮಾಡುವವರು ಹೊರದೇಶಗಳಲ್ಲಿ ಇದ್ದಾರೆ, ಕೆಲವರಿಗೆ ವೈದ್ಯರ ಒಪ್ಪಿಗೆಯೂ ಸಿಕ್ಕಿದೆ. ಅವರು ವರ್ಷಗಟ್ಟಲೆ ಪಳಗಿದವರು, ಕಿವಿ ಸರಿಮಾಡಿಕೊಳ್ಳುವುದು ಅವರಿಗೆ ಉಸಿರಾಟದಷ್ಟು ಸಹಜ. ಮೊದಲ ಸಲ ಇಳಿಯುವ ನನಗೆ ಆ ಲೆಕ್ಕ ಹೊಂದುವುದಿಲ್ಲ.

ಒಪ್ಪಿಕೊಂಡು ಬಂದೆ. ಆದರೂ 2024ರ ಜನವರಿಯಲ್ಲಿ ಗೆಳತಿಗೆ ಜೊತೆಯಾಗಿ ಕಡಲ ತೀರಕ್ಕೆ ಹೋದಾಗ, ಡೈವಿಂಗ್ ನಡೆಸುವವರ ಹುಡುಗ ನನ್ನ ಕೈಗೂ ಒಂದು ಫಾರಂ ಕೊಟ್ಟ. ಆರೋಗ್ಯದ ಪ್ರಶ್ನೆಗಳು. ಹೃದಯದ ಆಪರೇಷನ್, ಕವಾಟದ ಆಪರೇಷನ್ ಆಗಿದೆಯೇ? ದಿನವೂ ಔಷಧಿ ತೆಗೆದುಕೊಳ್ಳುತ್ತೀರಾ? ಹೌದು ಎಂದರೆ ಡಾಕ್ಟರ ಚೀಟಿ ಬೇಕು. "ಆಂಟಿ, ಎಲ್ಲದಕ್ಕೂ 'ಇಲ್ಲ' ಅಂತ ಹಾಕಿ, ಬೇಗ ಆಗ್ತದೆ" ಎಂದ. ಸೀರೆಯ ಸೆರಗಿನ ಕೆಳಗೆ ನನ್ನ ಎದೆಯ ಗೆರೆ ಯಾರಿಗೂ ಕಾಣುತ್ತಿರಲಿಲ್ಲ. ಪೆನ್ನು ಕೈಯಲ್ಲಿ ಹಿಡಿದು ಎಷ್ಟು ಹೊತ್ತು ಕೂತಿದ್ದೆನೋ! ಮೊದಲ ಸಲದವರನ್ನು 12 ಮೀಟರಿಗಿಂತ ಕೆಳಗೆ ಒಯ್ಯುವುದೂ ಇಲ್ಲ, ಕೈ ಹಿಡಿದೇ ಇರುತ್ತಾರೆ ಎಂದು ಮನಸ್ಸು ವಕೀಲಿ ಮಾಡುತ್ತಿತ್ತು. ಆದರೆ ಕೈ ಹಿಡಿದವನಿಗೆ ನನ್ನ ರಕ್ತದ ವಿಷಯ ಗೊತ್ತಿರಬೇಡವೆ? ದಡದಿಂದ ಗಂಟೆಗಟ್ಟಲೆ ದೂರದಲ್ಲಿ ನನಗೇನಾದರೂ ಆದರೆ, ಪಾಪ, ಆ ಹುಡುಗ ಏನು ಮಾಡಿಯಾನು?

'ಹೌದು' ಎಂದು ಗೀಟು ಹಾಕಿ ವಾಪಸು ಕೊಟ್ಟೆ. ಅವನು ಓದಿ ನನ್ನ ಮುಖ ನೋಡಿ, "ನೀವು ಬೋಟಲ್ಲಿ ಕೂತ್ಕೊಳ್ಳಿ" ಎಂದ.

ದೋಣಿ ಹೊರಟಿತು. ಮುರ್ಡೇಶ್ವರದ ಶಿವ ಚಿಕ್ಕವನಾಗುತ್ತಾ ಚಿಕ್ಕವನಾಗುತ್ತಾ ಗೊಂಬೆಯಷ್ಟಾದ. ನೇತ್ರಾಣಿ ಎಂದರೆ ಮರಗಿಡ ತುಂಬಿದ ಬಂಡೆಗುಡ್ಡ. ಅಡಿಯಲ್ಲಿ ನೀರು ತಿಳಿ. ಗೆಳತಿಯ ಗಂಡನೂ ಬಂದಿದ್ದರು, ದಾರಿಯುದ್ದಕ್ಕೂ ಒಂದು ಮಾತಿಲ್ಲ. ಅವಳು ದೋಣಿಯ ಅಂಚಿನಲ್ಲಿ ಕೂತು, ಮುಖಕ್ಕೆ ಕನ್ನಡಕ ಏರಿಸಿ, ಒಂದು ಕೈಯಿಂದ ಅದನ್ನು ಒತ್ತಿ ಹಿಡಿದು ಹಿಂದಕ್ಕೆ ಉರುಳಿದಳು. ಧಡ್! ಆಮೇಲೆ ಬರೀ ಗುಳ್ಳೆಗಳು.

ಅವಳ ಗಂಡ ಗಡಿಯಾರ ನೋಡುತ್ತಿದ್ದರು. ನಾನು ಗುಳ್ಳೆಗಳನ್ನು ನೋಡುತ್ತಿದ್ದೆ. ಗುಳ್ಳೆ ಬರುತ್ತಿದ್ದರೆ ಉಸಿರಿದೆ ಎಂದು ಅರ್ಥ, ಅಷ್ಟೇ. ಹದಿನೈದು ನಿಮಿಷ ಆಯಿತು, ಇಪ್ಪತ್ತಾಯಿತು. ಗುಳ್ಳೆಗಳು ದೋಣಿಯ ಕಡೆಗೆ ಸರಿದು ಬಂದು ಒಂದೇ ಕಡೆ ನಿಂತವು. ಅವರು ಗಾಬರಿಯಿಂದ ಎದ್ದು ನಿಂತರು. "ಐದು ಮೀಟರಲ್ಲಿ ಮೂರು ನಿಮಿಷ ನಿಲ್ತಾರೆ ಸಾರ್, ಸಾರಜನಕ ಹೋಗ್ಲಿಕ್ಕೆ" ಎಂದ ಹುಡುಗ. ನನ್ನ ಗಡಿಯಾರ ಎದೆಯೊಳಗೆ ಜೋರಾಗಿ ಹೊಡೆದುಕೊಳ್ಳುತ್ತಿತ್ತು.

ಇಪ್ಪತ್ತಾರನೆಯ ನಿಮಿಷಕ್ಕೆ ತಲೆ ಮೇಲೆ ಬಂತು. ಬಾಯಿಂದ ನಳಿಗೆ ತೆಗೆದು ಅವಳು ಹೇಳಿದ ಮೊದಲ ಮಾತು, "ರೀ, ಸಿಲಿಂಡರ್ ಹಿಡ್ಕೊಳ್ಳಿ, ಏಣಿ ಹತ್ತುವಾಗ ಭಾರ ಎತ್ತಬಾರದು ಅಂದಿದಾರೆ ಡಾಕ್ಟರು." ಅವರು ಬಗ್ಗಿ ಎಳೆದುಕೊಂಡರು. ಇನ್ನೂ ಮಾತಿಲ್ಲ, ಆದರೆ ಟವೆಲ್ಲು ಅವರೇ ಹೊದಿಸಿದರು. ಹದಿನೆಂಟು ಇಳಿಯಬಲ್ಲವಳು ಆವತ್ತು ಎಂಟು ಮೀಟರಿಗೇ ತೃಪ್ತಿಪಟ್ಟಿದ್ದಳು. ಗಿಳಿಮೀನು ಕಂಡಿತಂತೆ, ಚಿಟ್ಟೆಮೀನುಗಳ ಹಿಂಡು ಕಂಡಿತಂತೆ, ಬಂಡೆಯ ಸಂದಿನಿಂದ ಈಲ್ ಒಂದು ಬಾಯಿ ಬಿಟ್ಟು ನೋಡಿತಂತೆ. "ಅಕ್ಕಾ, ನಿನಗೋಸ್ಕರ ಎಲ್ಲವನ್ನೂ ಎರಡೆರಡು ಸಲ ನೋಡಿದೆ" ಎಂದಳು. ಹೋಗೇ, ಎಂದೆ.

ಅವಳ ಅತ್ತೆ ಈಗಲೂ ಅದನ್ನು ಶೋಕಿ ಎಂದೇ ಅನ್ನುತ್ತಾರೆ. ಆದರೆ ಮರುಪರೀಕ್ಷೆಯ ತಾರೀಖನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡಿ ನೆನಪಿಸುವವರೂ ಅವರೇ.

ನಾನು ಊರಿಗೆ ಬಂದು ಸೋಮವಾರ ರಕ್ತ ಕೊಟ್ಟೆ. ಐ.ಎನ್.ಆರ್. 2.8. ಹಿತ್ತಲಲ್ಲಿ ಬಸಳೆ ಚಪ್ಪರ ತುಂಬ ಹಬ್ಬಿತ್ತು. ಈ ಮಾತ್ರೆ ತಿನ್ನುವವರು ಸೊಪ್ಪನ್ನೇ ಬಿಡಬೇಕು ಎಂದು ಕೆಲವರು ಹೆದರಿಸುತ್ತಾರೆ, ಹಾಗೇನಿಲ್ಲ. ಒಂದು ವಾರ ಸೊಪ್ಪಿನ ಹಬ್ಬ, ಇನ್ನೊಂದು ವಾರ ಉಪವಾಸ ಆಗಬಾರದು, ಪ್ರತಿ ವಾರವೂ ಸುಮಾರು ಒಂದೇ ಅಳತೆ ಇರಬೇಕು. ನನ್ನ ಅಳತೆ ವಾರಕ್ಕೆರಡು ಸಲ, ಒಂದೊಂದು ಹಿಡಿ. ಕೊಯ್ದು, ತೊಳೆದು, ಹುಳಿಗೆ ಹಾಕಿದೆ.